ಎರಡು ಪೆಟ್ಟಿಗೆ, ಒಂದು ಕೋಣೆ

ಸ್ಟೀರಿಯೋ ಹುಚ್ಚು ಹತ್ತಿಸಿಕೊಂಡ ಗಂಡಸರ ಲೋಕದಲ್ಲಿ ಒಂದು ಮಾತು ಚಲಾವಣೆಯಲ್ಲಿದೆ. ‘ವೈಫ್ ಆಕ್ಸೆಪ್ಟೆನ್ಸ್ ಫ್ಯಾಕ್ಟರ್’ ಅಂತ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಹೆಂಡತಿ ಒಪ್ಪಿಕೊಳ್ಳುವ ಪ್ರಮಾಣ! 1983ರಲ್ಲಿ ಅಮೆರಿಕದ ಒಂದು ಸ್ಟೀರಿಯೋ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಈ ಮಾತು ಜಗತ್ತೆಲ್ಲ ಸುತ್ತಿತು. ಇದರ ಅರ್ಥ ಇಷ್ಟೆ: ಸ್ಪೀಕರ್ ಪೆಟ್ಟಿಗೆಯ ನಾದ ಎಷ್ಟೇ ಚೆನ್ನಾಗಿರಲಿ, ಅದು ನೋಡಲು ಒಡ್ಡೊಡ್ಡಾಗಿದ್ದರೆ ಮನೆಯಾಕೆ ಅದನ್ನು ಹಾಲಿಗೆ ಬಿಟ್ಟುಕೊಳ್ಳುವುದಿಲ್ಲ. ಆಕೆಗೆ ಸಂಗೀತಕ್ಕಿಂತ ಪರದೆಯ ಬಣ್ಣ ಮುಖ್ಯ. ಗಂಡನಿಗೆ ಕಿವಿ, ಹೆಂಡತಿಗೆ ಬರೀ ಕಣ್ಣು!

ನಗೆಚಾಟಿಕೆಯ ಮಾತು, ಸರಿ. ಆದರೆ ಸ್ಪೀಕರ್ ಪೆಟ್ಟಿಗೆಯ ಚರಿತ್ರೆಯನ್ನು ಓದುತ್ತ ಹೋದ ಹಾಗೆಲ್ಲ ನನಗೆ ಈ ನಗೆ ಬರಬರುತ್ತ ಕಡಿಮೆಯಾಯಿತು. ಆ ಚರಿತ್ರೆಯ ಒಂದೊಂದು ತಿರುವಿನಲ್ಲೂ ಒಬ್ಬ ಹೆಂಗಸು ನಿಂತಿದ್ದಾಳೆ. ಪುಸ್ತಕಗಳು ಆಕೆಯನ್ನು ಅರ್ಧ ವಾಕ್ಯದಲ್ಲಿ ಮುಗಿಸಿ ಮುಂದಕ್ಕೆ ಹೋಗಿಬಿಡುತ್ತವೆ. ಇನ್ನೂ ಒಂದು ಸಂಗತಿಯಿದೆ. ಪೆಟ್ಟಿಗೆಯಿಂದ ಹೊರಟ ಶಬ್ದ ನೇರವಾಗಿ ನಮ್ಮ ಕಿವಿಗೆ ಬರುವುದು ಸ್ವಲ್ಪವೇ. ಉಳಿದದ್ದು ಗೋಡೆ, ನೆಲ, ಹಾಸಿಗೆ, ಪರದೆಗಳನ್ನು ಮುಟ್ಟಿ ಬರುತ್ತದೆ. ಪೆಟ್ಟಿಗೆಯನ್ನು ಮಾಡುವವರು ಇಂಜಿನಿಯರುಗಳಾದರೆ ಕೋಣೆಯನ್ನು ಮಾಡುವವರು ಯಾರು? ಆ ಲೆಕ್ಕವನ್ನು ಒಮ್ಮೆ ನೋಡಿಬಿಡೋಣ ಅನ್ನಿಸಿತು.

ಈಗಿನ ಸ್ಪೀಕರಿನ ಮೂಲರೂಪ 1925ರದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು, ಅಯಸ್ಕಾಂತದ ನಡುವೆ ಒಂದು ತಂತಿಯ ಸುರುಳಿ, ಆ ಸುರುಳಿಗೆ ಅಂಟಿಕೊಂಡ ಕಾಗದದ ಶಂಕು, ಇಷ್ಟರಿಂದ ಶಬ್ದ ಹೊರಡಿಸುವ ಬಗೆಯನ್ನು ಆ ವರ್ಷ ವಿವರಿಸಿದರು. ಇವತ್ತು ನಿಮ್ಮ ಟಿ.ವಿ.ಯ ಒಳಗಿರುವುದೂ ಅದೇ. ಆಗ ಇದ್ದದ್ದು ಒಂದೇ ಪೆಟ್ಟಿಗೆ. ನಮ್ಮ ಅಜ್ಜಿಯ ಮನೆಯಲ್ಲಿ ಕಸೂತಿ ಬಟ್ಟೆ ಹೊದ್ದು ಗೂಡಿನಲ್ಲಿ ಕೂತಿರುತ್ತಿದ್ದ ರೇಡಿಯೋ ನೆನಪಿಸಿಕೊಳ್ಳಿ. ಹಾಡುವವರು, ಪಿಟೀಲಿನವರು, ಮೃದಂಗದವರು ಎಲ್ಲರೂ ಆ ಒಂದೇ ಗೂಡಿನಲ್ಲಿ ಒತ್ತೊತ್ತಾಗಿ ಕೂತಂತೆ ಕೇಳುತ್ತಿತ್ತು.

ಎರಡನೆಯ ಪೆಟ್ಟಿಗೆ ಹುಟ್ಟಿದ್ದು ಸಿನಿಮಾ ಮಂದಿರದಲ್ಲಿ. 1931ರಲ್ಲಿ ಇಂಗ್ಲೆಂಡಿನ ತರುಣ ಇಂಜಿನಿಯರ್ ಆಲನ್ ಬ್ಲೂಮ್ಲೀನ್ ಒಂದು ಮಾತಿನ ಚಿತ್ರ ನೋಡಲು ಹೋಗಿದ್ದ. ಜೊತೆಯಲ್ಲಿದ್ದವರು ಡೊರೀನ್. ತೆರೆಯ ಮೇಲೆ ನಟ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದರೂ ಅವನ ದನಿ ಮಾತ್ರ ಇದ್ದಲ್ಲಿಂದಲೇ ಬರುತ್ತಿತ್ತು. ಇದು ಆಲನ್‌ಗೆ ಕಿರಿಕಿರಿ. ಶಬ್ದವನ್ನೂ ನಟನ ಹಿಂದೆ ನಡೆಸುವ ದಾರಿ ತನಗೆ ಗೊತ್ತಿದೆ ಎಂದು ಪಕ್ಕದಲ್ಲಿದ್ದ ಡೊರೀನ್ ಹತ್ತಿರ ಹೇಳಿಕೊಂಡನಂತೆ. ಅದೇ ವರ್ಷದ ಡಿಸೆಂಬರ್ 14ರಂದು ಪೇಟೆಂಟಿಗೆ ಅರ್ಜಿ ಹಾಕಿದ. ಪೇಟೆಂಟ್ ಕೈಗೆ ಬಂದದ್ದು 1933ರಲ್ಲಿ. ಡೊರೀನ್‌ರನ್ನು ಅವನು ಮದುವೆಯಾದದ್ದೂ ಅದೇ ವರ್ಷ. ಎರಡು ಕಿವಿಗೆ ಎರಡು ಬಗೆಯ ಶಬ್ದ ಮುಟ್ಟಿಸಿದರೆ ನಡುವಿನ ಖಾಲಿ ಜಾಗದಲ್ಲಿ ಒಬ್ಬ ಹಾಡುಗಾರ್ತಿ ಬಂದು ನಿಂತಂತೆ ಮನಸ್ಸಿಗೆ ತೋರುತ್ತದೆ. ಅದೇ ಸ್ಟೀರಿಯೋ. ಒಂದೇ ಗೀರಿನ ಎರಡು ಗೋಡೆಗಳ ಮೇಲೆ ಎರಡು ಶಬ್ದಗಳನ್ನು ಕೊರೆಯುವ ಉಪಾಯವೂ ಆ ಪೇಟೆಂಟಿನಲ್ಲೇ ಇತ್ತು.

ಅಂಥ ಪ್ಲೇಟುಗಳು ಅಂಗಡಿಗೆ ಬಂದದ್ದು 1958ರಲ್ಲಿ. ನೋಡಲು ಬ್ಲೂಮ್ಲೀನ್ ಇರಲಿಲ್ಲ. 1942ರ ಜೂನ್‌ನಲ್ಲಿ, ಯುದ್ಧಕಾಲದ ರೇಡಾರ್ ಪರೀಕ್ಷೆಗೆ ಹೊರಟ ವಿಮಾನ ಬಿದ್ದು ಸತ್ತಿದ್ದ. ವಯಸ್ಸು 38. ಸ್ಟೀರಿಯೋದ ಮಾತನ್ನು ಮೊದಲು ಕೇಳಿಸಿಕೊಂಡ ಹೆಣ್ಣುಮಗಳು ಒಂಬತ್ತೇ ವರ್ಷದಲ್ಲಿ ವಿಧವೆಯಾದರು.

ಎರಡು ಪೆಟ್ಟಿಗೆ ಬೇಕು ಅಂದಾಗ ಮನೆಗಳಲ್ಲಿ ತೊಡಕು ಶುರುವಾಯಿತು. ಆ ಕಾಲದಲ್ಲಿ ಮಂದ್ರ ಸ್ವರ ಚೆನ್ನಾಗಿ ಕೇಳಬೇಕಾದರೆ ಪೆಟ್ಟಿಗೆ ಬಟ್ಟೆಯ ಬೀರುವಿನಷ್ಟು ದೊಡ್ಡದಿರಬೇಕಿತ್ತು. ಅಮೆರಿಕದ ಪಾಲ್ ಕ್ಲಿಪ್ಶ್ 1946ರಿಂದ ಮಾರತೊಡಗಿದ ಸ್ಪೀಕರಂತೂ ಮನೆಯ ಮೂಲೆಯನ್ನೇ ಬೇಡುತ್ತಿತ್ತು. ಮೂಲೆಯ ಎರಡು ಗೋಡೆಗಳನ್ನೇ ಅದು ತನ್ನ ಕಹಳೆಯ ಮುಂದುವರಿದ ಬಾಯಿಯಾಗಿ ಬಳಸಿಕೊಳ್ಳುತ್ತಿತ್ತು. ಒಂದಿದ್ದಾಗ ಹೇಗೋ ಸರಿ. ಎರಡನ್ನು ಇಟ್ಟರೆ ಮನುಷ್ಯರು ಕೂರುವುದೆಲ್ಲಿ? ಹೆಂಡತಿಯರು ಬೇಡ ಅಂದದ್ದರಲ್ಲಿ ತಪ್ಪೇನು?

ಈ ತೊಡಕನ್ನು ಬಿಡಿಸಿದ್ದು ಎಡ್ಗರ್ ವಿಲ್ಚರ್. ಸ್ಪೀಕರಿನ ಶಂಕುವಿನ ಅಂಚು ಗಡುಸಾಗಿದ್ದು ಅದೇ ಸ್ಪ್ರಿಂಗಿನಂತೆ ಕೆಲಸ ಮಾಡಬೇಕು ಎಂಬುದು ಅಲ್ಲಿಯವರೆಗಿನ ರೂಢಿ. ಅಂಚನ್ನು ಸಡಿಲ ಬಿಟ್ಟು, ಗಾಳಿಯಾಡದ ಹಾಗೆ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿಟ್ಟರೆ ಒಳಗಿನ ಗಾಳಿಯೇ ಸ್ಪ್ರಿಂಗ್ ಆಗುತ್ತದೆ ಅಂತ ವಿಲ್ಚರ್ ಯೋಚನೆ. ಹಳೆಯ ಸ್ಪೀಕರೊಂದರ ಗಡಸು ಅಂಚನ್ನು ಕತ್ತರಿಸಿ ತೆಗೆದದ್ದಾಯಿತು. ಆದರೆ ಆ ಜಾಗಕ್ಕೆ ಮೆತ್ತನೆಯದೊಂದು ಅಂಚು ಬೇಕಲ್ಲ? ಅದನ್ನು ಮಾಡಿಕೊಟ್ಟವರು ಪತ್ನಿ ರೋಸ್‌ಮೆರಿ. ನಕ್ಷೆ ಬಿಡಿಸುವ ಕೆಲಸ ಬಲ್ಲವರು ಆಕೆ. ನಾವು ರವಿಕೆಗೆ ಕಾಗದದಲ್ಲಿ ಅಳತೆ ಕತ್ತರಿಸಿಕೊಳ್ಳುವ ಹಾಗೆ ಆ ದುಂಡು ಅಂಚಿಗೆ ಅಳತೆ ತೆಗೆದು, ಗಾದಿಗೆ ಹಾಕುವ ದಪ್ಪ ಬಟ್ಟೆಯಲ್ಲಿ ಹೊಲಿದುಕೊಟ್ಟರು. ಅದು ಕೆಲಸ ಮಾಡಿತು! 1954ರಲ್ಲಿ ವಿಲ್ಚರ್ ಮತ್ತು ಅವರ ಶಿಷ್ಯ ಹೆನ್ರಿ ಕ್ಲಾಸ್ ಸೇರಿ ಕಂಪನಿ ತೆಗೆದರು. ಪುಸ್ತಕದ ಕಪಾಟಿನಲ್ಲಿ ಕೂರುವ ಸ್ಪೀಕರುಗಳ ದಾರಿ ತೆರೆದದ್ದು ಅಲ್ಲಿಂದ. ಎರಡು ಪೆಟ್ಟಿಗೆ ಸಾಮಾನ್ಯರ ಮನೆಯಲ್ಲಿ ಹಿಡಿಸುವಂತಾದದ್ದು ಗಾದಿ ಬಟ್ಟೆಯ ಒಂದು ತುಂಡಿನಿಂದ ಅಂದರೆ ಹೆಚ್ಚೇನೂ ಹೇಳಿದಂತಾಗುವುದಿಲ್ಲ.

ಇನ್ನು ಪೆಟ್ಟಿಗೆಯ ಒಳಗಿನ ವಿಚಾರ. ಅದರಲ್ಲಿ ಸಾಮಾನ್ಯವಾಗಿ ದೊಡ್ಡದೊಂದು, ಸಣ್ಣದೊಂದು ಸ್ಪೀಕರ್ ಇರುತ್ತವೆ. ದೊಡ್ಡದು ವೂಫರ್, ಅದು ಮಂದ್ರಕ್ಕೆ. ಸಣ್ಣದು ಟ್ವೀಟರ್, ತಾರಕ್ಕೆ. ಬರುವ ಸಂಗೀತವನ್ನು ಇವೆರಡಕ್ಕೂ ಪಾಲು ಮಾಡಿ ಹಂಚುವುದು ಕ್ರಾಸ್‌ಓವರ್ ಎಂಬ ಪುಟ್ಟ ಹಲಗೆ. ಜರಡಿಯಲ್ಲಿ ನಾವು ರವೆ ಬೇರೆ, ಹಿಟ್ಟು ಬೇರೆ ಮಾಡುವುದಿಲ್ಲವೆ? ಅಂಥದ್ದೇ ಕೆಲಸ. ತಾಮ್ರದ ತಂತಿಯ ಸುರುಳಿ ನಿಧಾನದ ಕಂಪನಗಳನ್ನು ಬಿಟ್ಟು ವೇಗದವನ್ನು ತಡೆಯುತ್ತದೆ. ಕಂಡೆನ್ಸರ್ ಇದಕ್ಕೆ ಉಲ್ಟಾ. ಫ್ಯಾನ್ ನಿಧಾನವಾದಾಗ ಎಲೆಕ್ಟ್ರಿಷಿಯನ್ ಬಂದು ಬದಲಾಯಿಸಿ ಹೋಗುತ್ತಾನಲ್ಲ, ಅದೇ ಜಾತಿಯದು. ಇವೆರಡರ ಜೊತೆಗೆ ಟ್ವೀಟರ್ ಕಿರುಚದಂತೆ ತಗ್ಗಿಸಲು ಒಂದು ರೆಸಿಸ್ಟರ್. ಇಷ್ಟೇ ಸಾಮಾನು. ಆದರೆ ಕೈಗುಣ ಇರುವುದು ಹೊಂದಿಸುವುದರಲ್ಲಿ. ಎರಡು ಸುರುಳಿಗಳನ್ನು ಒಂದೇ ದಿಕ್ಕಿಗೆ ಅಕ್ಕಪಕ್ಕ ಕೂರಿಸಿದರೆ ಬೇಲಿಯ ಆಚೀಚೆ ನಿಂತ ನೆರೆಮನೆಯವರಂತೆ ಅವು ತಮ್ಮತಮ್ಮಲ್ಲೇ ಮಾತಿಗೆ ತೊಡಗುತ್ತವೆ. ಒಂದರ ಕರೆಂಟು ಇನ್ನೊಂದರಲ್ಲಿ ಹುಟ್ಟಿ ಜರಡಿ ಕೆಡುತ್ತದೆ. ಅದಕ್ಕೇ ಅವನ್ನು ದೂರವಿಡುತ್ತಾರೆ, ಅಥವಾ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮಲಗಿಸುತ್ತಾರೆ.

ಈ ಪಾಲು ಬೀಳುವ ಗಡಿ ಬಹಳ ಪೆಟ್ಟಿಗೆಗಳಲ್ಲಿ ಸೆಕೆಂಡಿಗೆ 3,000 ಕಂಪನದ ಆಸುಪಾಸಿನಲ್ಲಿರುತ್ತದೆ. ಮನುಷ್ಯರ ಮಾತಿನಲ್ಲಿ ‘ಕ’ವನ್ನು ‘ತ’ದಿಂದ, ‘ಸ’ವನ್ನು ‘ಫ’ದಿಂದ ಬೇರೆ ಮಾಡಿ ಕೇಳಿಸುವ ಶಕ್ತಿ ಇರುವುದು 2,000ದಿಂದ 8,000ದ ನಡುವೆ. ಸ್ವರಗಳ ತುಂಬು ನಾದ ಕೆಳಗೆ, ವ್ಯಂಜನಗಳ ಅಂಚು ಮೇಲೆ. ಅಂದರೆ ಕತ್ತರಿ ಬೀಳುವುದು ಸರಿಯಾಗಿ ಮಾತಿನ ಮೇಲೆಯೇ! ಹೊಲಿಗೆ ಕೆಟ್ಟರೆ ರಾಗ ಉಳಿಯುತ್ತದೆ, ಸಾಹಿತ್ಯ ಹರಿದುಹೋಗುತ್ತದೆ.

ಇದನ್ನು ಚೆನ್ನಾಗಿ ಅರಿತಿದ್ದವರು ಬಿ.ಬಿ.ಸಿ.ಯವರು. ಅವರ ಸಂಶೋಧನಾ ವಿಭಾಗದಲ್ಲಿ ಸ್ಪೀಕರನ್ನು ಅಳೆಯುವುದಕ್ಕೆ ಯಂತ್ರಗಳ ಜೊತೆಗೆ ಮನುಷ್ಯರ ಮಾತೂ ಒಂದು ಅಳತೆಗೋಲು. ಪಕ್ಕದ ಕೋಣೆಯಲ್ಲಿ ಒಬ್ಬರು ಮಾತಾಡಬೇಕು. ಇಲ್ಲಿ ಸ್ಪೀಕರಿನಲ್ಲಿ ಕೇಳಬೇಕು. ಎದ್ದುಹೋಗಿ ನಿಜವಾದ ದನಿಯನ್ನು ಕೇಳಿ ಬಂದು ಹೋಲಿಸಬೇಕು. 1970ರ ದಶಕದ ಮೊದಲರ್ಧದಲ್ಲಿ ಅವರು ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ಒಂದು ಪುಟ್ಟ ಪೆಟ್ಟಿಗೆ ಮಾಡಿದರು. ಹೆಸರು ‘ಎಲ್‌ಎಸ್ 3/5ಎ’. ಎತ್ತರ ಒಂದೇ ಅಡಿ, ಅಗಲ ಏಳೂವರೆ ಅಂಗುಲ. ಪಾಲಿನ ಗಡಿ ಅದೇ 3,000. ಆ ಪುಟ್ಟ ಪೆಟ್ಟಿಗೆಗೆ ಕ್ರಾಸ್‌ಓವರ್ ಮಾತ್ರ ದೊಡ್ಡದು. ಟ್ವೀಟರಿನ ಸುತ್ತ ದಪ್ಪ ಉಣ್ಣೆಯ ಪಟ್ಟಿ ಅಂಟಿಸಿ ಅಂಚಿಗೆ ಬಡಿದು ಚದುರುವ ಶಬ್ದವನ್ನು ಹೀರಿಸಿದರು. ಮಾತು ಅಷ್ಟು ನಿಚ್ಚಳವಾಗಿ ಕೇಳಿದ್ದರಿಂದ ವ್ಯಾನಿನಿಂದ ಇಳಿದು ಮನೆಗಳಿಗೂ ಬಂತು. ಹಲವು ಕಂಪನಿಗಳು ಪರವಾನಗಿ ಪಡೆದು ಮಾಡಿದವು.

ಅವುಗಳಲ್ಲಿ ಎರಡು ಕಂಪನಿಗಳ ಹೆಸರು ಕೇಳಿ. ಒಂದು ಸ್ಪೆಂಡಾರ್. ಬಿ.ಬಿ.ಸಿ.ಯಲ್ಲಿ ಪ್ಲಾಸ್ಟಿಕ್ ಶಂಕುಗಳ ಮೇಲೆ ಕೆಲಸ ಮಾಡಿದ್ದ ಸ್ಪೆನ್ಸರ್ ಹ್ಯೂಸ್ 1960ರ ದಶಕದ ಕೊನೆಯಲ್ಲಿ ಕಟ್ಟಿದ್ದು. ಸ್ಪೆನ್ಸರ್‌ನ ‘ಸ್ಪೆನ್’, ಪತ್ನಿ ಡೊರೊತಿಯ ‘ಡಾರ್’. ಇನ್ನೊಂದು ಹಾರ್ಬೆತ್. ಅದೇ ಬಿ.ಬಿ.ಸಿ.ಯಲ್ಲಿ ಸ್ಪೀಕರ್ ಸಂಶೋಧನೆಯ ಹಿರಿಯರಾಗಿದ್ದ ಡಡ್ಲಿ ಹಾರ್ವುಡ್ 1977ರಲ್ಲಿ ತೆರೆದದ್ದು. ಹಾರ್ವುಡ್‌ನ ‘ಹಾರ್’, ಪತ್ನಿ ಎಲಿಜಬೆತ್‌ರ ‘ಬೆತ್’. ಎರಡೂ ಕಂಪನಿಗಳು ಇವತ್ತಿಗೂ ಇವೆ. ‘ಹೆಂಡತಿ ಒಪ್ಪುವುದಿಲ್ಲ’ ಎಂದು ಗೊಣಗುವ ಗಂಡಸರು ಲಕ್ಷಗಟ್ಟಲೆ ತೆತ್ತು ತರುವ ಪೆಟ್ಟಿಗೆಯ ಮೇಲೇ ಇಬ್ಬರು ಹೆಂಡತಿಯರ ಹೆಸರು!

ನಮ್ಮ ಮನೆಗೆ ಬಂದ ಪೆಟ್ಟಿಗೆಗಳಿಗೆ ಇಂಥ ವಂಶಾವಳಿ ಇರಲಿಲ್ಲ. 1988ರಲ್ಲಿ ನಮ್ಮ ಯಜಮಾನರು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ತಂದವು. ಹಾಲಿನ ಶೋಕೇಸಿನ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ, ಎರಡು ಮೂಲೆಗೆ ಎರಡು ಪ್ರತಿಷ್ಠಾಪನೆ ಆದವು. “ಕೆಳಗಿಟ್ರೆ ಮಕ್ಕಳು ಎಳೆದು ಬೀಳಿಸ್ತಾರೆ ಕಣೇ” ಅಂದರು. ಮಕ್ಕಳು ಕಾಲೇಜಿಗೆ ಹೋಗುವಷ್ಟಾದರೂ ಅವು ಅಲ್ಲೇ ಇದ್ದವು.

ನಮ್ಮ ಅತ್ತೆಗೆ ದೇವರನಾಮ ಅಂದರೆ ಪ್ರಾಣ. ಸಂಜೆ ದೀಪ ಹಚ್ಚಿದ ಮೇಲೆ ಚಾಪೆ ಹಾಸಿಕೊಂಡು ಕ್ಯಾಸೆಟ್ ಹಾಕಿಸಿಕೊಂಡು ಕೂರುವುದು ವಾಡಿಕೆ. ಒಂದು ಹತ್ತು ವರ್ಷ ಕಳೆದಿರಬೇಕು, ಕೂರುವುದನ್ನೇ ಬಿಟ್ಟರು. ಕೇಳಿದರೆ, “ಹಾಡೋಳು ಏನು ಹಾಡ್ತಾಳೋ ತಿಳಿಯಲ್ಲ ಕಣಮ್ಮಾ. ರಾಗ ಕೇಳ್ಸತ್ತೆ, ಮಾತಿಲ್ಲ. ನನ್ನ ಕಿವೀನೇ ಹೋಯ್ತು ಅಂತ ಕಾಣತ್ತೆ” ಅಂದರು. ಮನೆಯಲ್ಲಿ ಎಲ್ಲರೂ ತಲೆಯಾಡಿಸಿದರು. ವಯಸ್ಸಾದವರ ಕಿವಿ, ಇನ್ನೇನು? ಮುದುಕಿಯರು ಕೇಳುವುದಿಲ್ಲ ಅಂದಾಗ ತಪ್ಪನ್ನು ಅವರ ಕಿವಿಗೇ ಹೊರಿಸುವುದು ಸುಲಭ.

ನನಗೇಕೋ ಸಮಾಧಾನವಾಗಲಿಲ್ಲ. ನಾನು ಅಡಿಗೆಮನೆಯಲ್ಲಿ ಮಾತಾಡಿದ್ದು ಆಕೆಗೆ ಕೇಳುತ್ತಿತ್ತಲ್ಲ! ಒಂದು ಪೆಟ್ಟಿಗೆಯನ್ನು ಇಳಿಸಿ ಬಸ್ ನಿಲ್ದಾಣದ ಎದುರಿನ ರೇಡಿಯೋ ರಿಪೇರಿಯವರ ಹತ್ತಿರ ಒಯ್ದೆ. ಬಿಚ್ಚಿ ತೋರಿಸಿದರು. ಕ್ರಾಸ್‌ಓವರ್ ಅಂತ ಇದ್ದದ್ದು ಟ್ವೀಟರಿಗೆ ಬೆಸೆದ ಒಂದೇ ಒಂದು ಕಂಡೆನ್ಸರ್. ಅದರ ಮೇಲೆ 4.7 ಎಂದು ಬರೆದಿತ್ತು. ಮೀಟರು ಹಚ್ಚಿದರೆ ಅದರಲ್ಲಿ ಅರ್ಧದಷ್ಟೂ ಉಳಿದಿರಲಿಲ್ಲ. ಈ ಅಗ್ಗದ ಕಂಡೆನ್ಸರುಗಳ ಒಳಗೆ ಒದ್ದೆ ರಸವಿರುತ್ತದೆ, ವರ್ಷ ಕಳೆದಂತೆ ಒಣಗುತ್ತದೆ. 8 ಓಮ್‌ನ ಟ್ವೀಟರಿಗೆ 4.7ರ ಕಂಡೆನ್ಸರ್ ಇದ್ದರೆ ಸುಮಾರು 4,200 ಕಂಪನದಿಂದ ಮೇಲಿನದು ದಾಟುತ್ತದೆ. ಅದು ಅರ್ಧಕ್ಕೆ ಇಳಿದರೆ ಗಡಿ 8,400ಕ್ಕೆ ಏರುತ್ತದೆ. ನಡುವಿನದನ್ನು ಹಾಡುವ ಹೊಣೆ ಯಾರಿಗೂ ಇಲ್ಲ. ಅತ್ತೆಯ ‘ಕ’, ‘ತ’, ‘ಸ’ಗಳೆಲ್ಲ ಆ ಹಳ್ಳಕ್ಕೆ ಬಿದ್ದಿದ್ದವು. ಕೆಲವೇ ರೂಪಾಯಿಯ ಸಾಮಾನು. ಬದಲಾಯಿಸಿಕೊಟ್ಟರು.

ಒಂದು ಮಾತು ಇಲ್ಲಿ ಹೇಳಬೇಕು. ಹಳೆಯ ಸಾಮಾನು ತೆಗೆದು ದುಬಾರಿಯದು ಹಾಕಿದರೆ ಸಾಕು ಅನ್ನುವಂತೆಯೂ ಇಲ್ಲ. ಒದ್ದೆ ಕಂಡೆನ್ಸರಿಗೆ ತನ್ನದೇ ಒಂದಿಷ್ಟು ತಡೆ ಇರುತ್ತದೆ, ಬಲ್ಲವರು ಅದನ್ನೂ ಲೆಕ್ಕಕ್ಕೆ ಹಿಡಿದೇ ಪೆಟ್ಟಿಗೆ ಮಾಡಿರುತ್ತಾರೆ. ಅದರ ಜಾಗಕ್ಕೆ ತಡೆಯೇ ಇಲ್ಲದ ಫಿಲ್ಮ್ ಕಂಡೆನ್ಸರ್ ಹಾಕಿದರೆ ಟ್ವೀಟರ್ ಎದ್ದು ಕಿರುಚಬಹುದು. ಸಾರಿಗೆ ಹುಣಸೆ ಬದಲು ಟೊಮ್ಯಾಟೊ ಹಾಕಿದರೆ ಉಪ್ಪು ಬೆಲ್ಲ ಎರಡನ್ನೂ ಮತ್ತೆ ನೋಡಬೇಕಲ್ಲ, ಹಾಗೆ.

ಪೆಟ್ಟಿಗೆಗಳು ಮನೆಗೆ ಬಂದ ಮೇಲೆ ಮತ್ತೆ ಶೋಕೇಸಿಗೆ ಏರಲು ನಾನು ಬಿಡಲಿಲ್ಲ. ಕಾರಣವಿತ್ತು. ವೂಫರ್, ಟ್ವೀಟರ್ ಎರಡೂ ಗಡಿಯ ಸ್ವರಗಳನ್ನು ಒಟ್ಟಿಗೆ ಹಾಡುತ್ತವೆ. ಕಿವಿ ಪೆಟ್ಟಿಗೆಯ ನೇರಕ್ಕಿದ್ದರೆ ಎರಡರ ಅಲೆಗಳೂ ಕೈಹಿಡಿದು ಬರುತ್ತವೆ. ಪೆಟ್ಟಿಗೆ ಆರಡಿ ಮೇಲಿದ್ದು ನಾವು ಚಾಪೆಯ ಮೇಲೆ ಕೂತರೆ ಒಂದರ ದಾರಿ ಇನ್ನೊಂದಕ್ಕಿಂತ ಐದಾರು ಸೆಂಟಿಮೀಟರ್ ಉದ್ದವಾಗುತ್ತದೆ. 3,000 ಕಂಪನದ ಅಲೆಯ ಉದ್ದ ಸುಮಾರು 11 ಸೆಂಟಿಮೀಟರ್. ಅದರ ಅರ್ಧದಷ್ಟು ಹಿಂದೆ ಬಿದ್ದ ಅಲೆ ಮುಂದಿನದನ್ನು ಅಳಿಸಿಹಾಕುತ್ತದೆ. 1976ರಲ್ಲಿ ಜರ್ಮನಿ ಮೂಲದ ಇಂಜಿನಿಯರ್ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಅಮೆರಿಕದಲ್ಲಿ ಇದೇ ತೊಂದರೆಯನ್ನು ಗಣಿತದಲ್ಲಿ ಬಿಡಿಸಿ, ಎರಡರ ಅಲೆಗಳೂ ಜೊತೆಜೊತೆಗೆ ನೇರ ಮುಂದಕ್ಕೆ ಹೊರಡುವಂಥ ಕ್ರಾಸ್‌ಓವರ್ ತೋರಿಸಿಕೊಟ್ಟರು. ಅದಕ್ಕೂ ಕೇಳುವವರು ಮುಂದೆಯೇ ಇರಬೇಕು. ಎರಡು ಸ್ಟೂಲು ಹುಡುಕಿ ಅತ್ತೆಯ ಕಿವಿಯ ಮಟ್ಟಕ್ಕೆ ಇಟ್ಟೆ. ಆಕೆಗೂ ಪೆಟ್ಟಿಗೆಗಳಿಗೂ ನಡುವಿನ ದೂರ, ಪೆಟ್ಟಿಗೆ ಪೆಟ್ಟಿಗೆಗಳ ನಡುವಿನ ದೂರ, ಮೂರೂ ಸಮ. ರಂಗೋಲಿಯ ತ್ರಿಕೋನದ ಹಾಗೆ.

ಮೂಲೆಯಿಂದಲೂ ಈಚೆಗೆ ತಂದೆ. ಗೋಡೆ, ನೆಲ, ಮತ್ತೊಂದು ಗೋಡೆ ಸೇರುವ ಕಡೆ ಇಟ್ಟರೆ ಮಂದ್ರ ಸ್ವರ ಉಬ್ಬಿ ಎಲ್ಲವನ್ನೂ ಮುಚ್ಚುತ್ತದೆ. ರಾಯ್ ಆಲಿಸನ್ ಎಂಬಾತ 1974ರಲ್ಲಿ ಇದನ್ನು ಅಳೆದು ಬರೆದರು. ಗೋಡೆಗೆ ತಾಕಿ ಮರಳುವ ಅಲೆ ಕೆಲವು ಸ್ವರಗಳನ್ನು ಉಬ್ಬಿಸುತ್ತದೆ, ಕೆಲವನ್ನು ನುಂಗುತ್ತದೆ. ವೂಫರಿನಿಂದ ನೆಲಕ್ಕೂ ಗೋಡೆಗಳಿಗೂ ಒಂದೇ ದೂರವಿದ್ದರೆ ನುಂಗುವುದೆಲ್ಲ ಒಂದೇ ಸ್ವರದ ಮೇಲೆ ಬೀಳುತ್ತದೆ. ಹಾಗಾಗಿ ಮೂರು ದೂರಗಳೂ ಬೇರೆಬೇರೆ ಇರಲಿ. ಕೋಣೆಗೂ ತನ್ನದೊಂದು ಶ್ರುತಿಯಿದೆ. ನಮ್ಮ ಹನ್ನೆರಡಡಿ ಉದ್ದದ ಹಾಲಿಗೆ ಅದು ಸುಮಾರು 47 ಕಂಪನ. ಆ ಶ್ರುತಿಯ ನಾದ ಬಂದಾಗಲೆಲ್ಲ ಹಂಡೆಯೊಳಗೆ ಕೂಗಿದಂತೆ ಗುಮ್ಮೆನ್ನುತ್ತದೆ.

ಇನ್ನು ನಮ್ಮ ಊರಿನ ಮನೆಗಳ ಬರಿ ಗೋಡೆ, ನುಣ್ಣನೆ ಮೊಸಾಯಿಕ್ ನೆಲ. ಅಲ್ಲಿ ಒಂದು ಅಕ್ಷರದ ಬಾಲ ಮುಗಿಯುವುದರೊಳಗೆ ಇನ್ನೊಂದು ಬಂದು ತುಳಿಯುತ್ತದೆ. ಇದರ ವಿಜ್ಞಾನವೂ ಗಾದಿಯಿಂದಲೇ ಹುಟ್ಟಿದ್ದು! 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತೇ ತಿಳಿಯದಂತಾದಾಗ ವ್ಯಾಲೇಸ್ ಸೆಬೈನ್ ಎಂಬ ತರುಣ ಅಧ್ಯಾಪಕನಿಗೆ ಸರಿಪಡಿಸಲು ಹೇಳಿದರು. ಅವನು ರಾತ್ರಿ ಹೊತ್ತು ಹತ್ತಿರದ ನಾಟಕಶಾಲೆಯಿಂದ ಕುರ್ಚಿಯ ಮೆತ್ತೆಗಳನ್ನು ಹೊರಿಸಿ ತಂದು ಹಾಸಿ, ಆರ್ಗನ್ನಿನ ಕೊಳವೆ ಊದಿಸಿ, ಶಬ್ದ ಸಾಯುವ ಹೊತ್ತನ್ನು ಗಡಿಯಾರದಲ್ಲಿ ಅಳೆದ. ಖಾಲಿ ಕೊಠಡಿಯಲ್ಲಿ ಐದು ಸೆಕೆಂಡಿಗೂ ಮೀರಿ ಉಳಿಯುತ್ತಿದ್ದದ್ದು ಎಲ್ಲೆಲ್ಲೂ ಮೆತ್ತೆ ಹಾಸಿದಾಗ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯಿತು. ಅವನ ಪಟ್ಟಿಯಲ್ಲಿ ಜನರೂ ಇದ್ದಾರೆ. ಒಬ್ಬ ಗಂಡಸಿಗಿಂತ ಒಬ್ಬ ಹೆಂಗಸು ಕೊಂಚ ಹೆಚ್ಚೇ ಶಬ್ದ ಹೀರುತ್ತಾಳೆ ಎಂದು ಅದರಲ್ಲಿ ದಾಖಲಾಗಿದೆ. ಆ ಕಾಲದ ನೆರಿಗೆಯ ಉದ್ದ ಉಡುಪು ಕಾರಣವಿರಬೇಕು. ನಾನು ಮಾಡಿದ್ದು ಅಷ್ಟೇ. ತೆಳ್ಳಗಿನ ಪರದೆ ತೆಗೆದು ದಪ್ಪನೆಯದನ್ನು ಮಡಿಕೆ ಮಡಿಕೆಯಾಗಿ ಬಿಟ್ಟೆ. ನಡುವೆ ಜಮಖಾನೆ ಹಾಸಿದೆ. ಹಗಲು ಸುತ್ತಿಡುವ ಹತ್ತಿ ಹಾಸಿಗೆಯನ್ನು ಹಿಂದಿನ ಗೋಡೆಗೆ ಒರಗಿಸಿದೆ.

ಅತ್ತೆ ಬಂದು ಕೂತರು. ಹಾಡು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅವರ ತುಟಿ ಆಡತೊಡಗಿತು. ಹಾಡಿನ ಮಾತುಗಳ ಜೊತೆಜೊತೆಗೆ, ಒಂದಕ್ಷರವೂ ಹಿಂದೆ ಬೀಳದೆ. ನಮ್ಮ ಯಜಮಾನರು ಎದ್ದುಹೋಗಿ ಸ್ಟೂಲನ್ನು ಒಮ್ಮೆ ಅಲುಗಿಸಿ ನೋಡಿ, “ಗಟ್ಟಿಯಾಗಿದೆ, ಬೀಳಲ್ಲ” ಅಂದರು. ಅಷ್ಟೇ ಅಂದದ್ದು!

ಆಮೇಲೆ, ಐದಾರು ವರ್ಷಕ್ಕೆ, ಅತ್ತೆಯ ಕಿವಿ ನಿಜವಾಗಿಯೂ ಮಂದವಾಯಿತು. ವಯಸ್ಸಾದಾಗ ಮೊದಲು ಹೋಗುವುದು ಮೇಲಿನ ಕಂಪನಗಳೇ, ಅಂದರೆ ಮತ್ತೆ ಆ ವ್ಯಂಜನಗಳೇ. ಎಲ್ಲವನ್ನೂ ಒಂದೇ ಸಮ ಜೋರು ಮಾಡಿದರೆ ಮಂದ್ರ ಬಡಿಯುತ್ತದೆ, ಮಾತು ತಿಳಿಯುವುದಿಲ್ಲ. ಇದಕ್ಕೆ ದಾರಿ ತೋರಿದ್ದು ಯಾರು ಗೊತ್ತೆ? ಅದೇ ಎಡ್ಗರ್ ವಿಲ್ಚರ್. 1967ರಲ್ಲಿ ಸ್ಪೀಕರ್ ಕಂಪನಿ ಮಾರಿದ ಮೇಲೆ ಆತ ಕಿವುಡುತನದ ಕಡೆ ತಿರುಗಿದರು. ಸ್ಪೀಕರ್ ಪೆಟ್ಟಿಗೆಯಲ್ಲಿ ಮಾಡುವ ಹಾಗೆಯೇ ಶಬ್ದವನ್ನು ಕೆಳಗಿನದು, ಮೇಲಿನದು ಎಂದು ಪಾಲು ಮಾಡಿ, ಒಂದೊಂದು ಪಾಲನ್ನೂ ಆ ಕಿವಿಗೆ ಬೇಕಾದಷ್ಟೇ ಹಿಗ್ಗಿಸಿ ಕುಗ್ಗಿಸುವ ಕ್ರಮವನ್ನು 1973ರಲ್ಲಿ ಪ್ರಕಟಿಸಿದರು. ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಬೇಕಾದವರು ಬಳಸಲಿ ಎಂದು ಬಿಟ್ಟುಕೊಟ್ಟರು. ಇಂದಿನ ಹಿಯರಿಂಗ್ ಏಡ್‌ಗಳೆಲ್ಲ ಆ ದಾರಿಯಲ್ಲೇ ನಡೆದು ಬಂದಿವೆ. ಅತ್ತೆಯ ಕಿವಿಯ ಹಿಂದೆ ಕೂತಿದ್ದ ಹುಣಸೆಬೀಜದಷ್ಟು ಯಂತ್ರವೂ ಅದೇ ವಂಶದ್ದು.

ಅತ್ತೆ ಈಗಿಲ್ಲ. ಕೊನೆಯ ವರ್ಷದಲ್ಲೂ ಮೊಮ್ಮಕ್ಕಳ ಮಾತು ಅವರಿಗೆ ತಿಳಿಯುತ್ತಿತ್ತು ಎಂಬುದು ನಮಗೊಂದು ಸಮಾಧಾನ. ಅದಕ್ಕೆ ವಿಲ್ಚರ್ ಅವರನ್ನು ನೆನೆಯುವಾಗ ರೋಸ್‌ಮೆರಿಯನ್ನೂ ಸೇರಿಸಿ ನೆನೆಯುತ್ತೇನೆ. ನಿಮ್ಮ ಮನೆಯ ಹಿರಿಯರು ಹಾಡು ಕೇಳಿಸುತ್ತಿಲ್ಲ, ಟಿ.ವಿ.ಯ ಮಾತು ತಿಳಿಯುತ್ತಿಲ್ಲ ಅಂದರೆ, ಡಾಕ್ಟರ ಹತ್ತಿರ ಖಂಡಿತ ಕರೆದುಕೊಂಡು ಹೋಗಿ. ಅದರ ಜೊತೆಗೆ ಪೆಟ್ಟಿಗೆ ಎಲ್ಲಿ ಕೂತಿದೆ, ಅವರು ಎಲ್ಲಿ ಕೂತಿದ್ದಾರೆ, ಗೋಡೆ ಎಷ್ಟು ಬೋಳಾಗಿದೆ ಎಂದೂ ಒಮ್ಮೆ ನೋಡಿ. ಜಾಗ ಬದಲಾಯಿಸುವ ಅಧಿಕಾರ ನಮಗೆ ಯಾರೂ ಕೊಡಬೇಕಾಗಿಲ್ಲ. ದಿನಾ ಗುಡಿಸಿ ಒರೆಸುವ ಆ ಕೋಣೆಯ ಒಂದೊಂದು ಮೂಲೆಯೂ ನಮಗೆ ಗೊತ್ತಿರುವುದೇ.